ಕುಂಬಳಕಾಯಿ ಕೂತ ಸ್ಟೂಲು

ಪಾತ್ರೆ ತೊಳೆಯುವ ದೊಡ್ಡಮ್ಮನ ಸ್ಟೂಲನ್ನು ಹೋಟೆಲಿನ ಮಾಲೀಕರು ಅಡುಗೆಮನೆಯಿಂದ ಎತ್ತಿಸಿ, ಊಟದ ಹಾಲ್‌ನ ಬಾಗಿಲ ಬಳಿ ಇಟ್ಟು, ಅದರ ಮೇಲೆ ಒಂದು ಕುಂಬಳಕಾಯಿ ಕೂರಿಸಿದರು. ದೊಡ್ಡಮ್ಮನನ್ನು ಯಾರೂ ಕೇಳಲಿಲ್ಲ.

ಸ್ಟೂಲು ಅವಳ ಸ್ವಂತದ್ದು. ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಕೆಲಸದಲ್ಲಿದ್ದ ಗಂಡ, ಒಡೆದುಹೋದ ಸೋಪಿನ ಪೆಟ್ಟಿಗೆಯ ಹಲಗೆಗಳನ್ನು ಜೋಡಿಸಿ ಮಾಡಿಕೊಟ್ಟಿದ್ದ. ಒಂದು ಕಾಲು ಗಿಡ್ಡ. ಕೂತರೆ ಟಕ್ಕೆಂದು ಎಡಕ್ಕೆ ವಾಲುತ್ತಿತ್ತು. "ಜನ್ಮದಲ್ಲಿ ಒಂದಾದರೂ ವಸ್ತು ನೆಟ್ಟಗೆ ಮಾಡಿದ್ದೀಯಾ?" ಎಂದು ಅವಳು ಬೈದಾಗ, "ಕೂತಲ್ಲೇ ಗೊರಕೆ ಹೊಡೀತೀಯಲ್ಲ, ಅದಕ್ಕೆ ಹಾಗೆ ಮಾಡಿದ್ದು ಕಣೇ" ಎಂದು ಹಲ್ಲು ಕಿರಿದಿದ್ದ. ಅವನು ತೀರಿಹೋದಮೇಲೆ ಅವಳು ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ಊಟದ ಹೊತ್ತಿನಲ್ಲಿ ಕೂರಲು ಅಲ್ಲಿ ಏನೂ ಇಲ್ಲವೆಂದು ಗೊತ್ತಾದ ಮಾರನೆಯ ದಿನ ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಅಂದಿನಿಂದ ಅದು ತೊಟ್ಟಿಯ ಪಕ್ಕದಲ್ಲಿತ್ತು.

ಹೋಟೆಲಿನ ಹೆಸರು 'ಬೇರು'. ಆದರೆ ಹೋಟೆಲು ಅಂದರೆ ಮಾಲೀಕರಿಗೆ ಆಗುತ್ತಿರಲಿಲ್ಲ. "ಇದು ಹೋಟೆಲಲ್ಲ, ಮಣ್ಣಿನ ಜೊತೆಗಿನ ಒಂದು ಸಂಬಂಧ" ಎನ್ನುತ್ತಿದ್ದರು. ಆ ಸಂಬಂಧ ಬೆಳೆಸಬೇಕಾದರೆ ವಾರಗಟ್ಟಲೆ ಮುಂಚೆ ಫೋನ್ ಮಾಡಿ ಮೇಜು ಹಿಡಿಯಬೇಕಿತ್ತು. ನಾಯಿಗಳನ್ನು ತಿರುಗಾಡಿಸಲೂ ಆಳಿಟ್ಟುಕೊಂಡ ಬೀದಿಯದು. ಅಲ್ಲಿಯ ಜನ ನಾಲ್ಕು ಮನೆ ದಾಟಿ ಬರುವುದಕ್ಕೂ ಕಾರು ಹತ್ತಿ, ಬಂದು ಕೂತು, ನಡೆದಾಡಿ ದುಡಿಯುವವರ ಆರೋಗ್ಯವನ್ನು ಹೊಗಳುತ್ತಿದ್ದರು. ಗೋಡೆಗೆ ಕೆಸರಿನ ಬಣ್ಣ. ಅದರ ಮೇಲೆ ಮಗು ಗೀಚಿದಂಥ ಅಕ್ಷರಗಳಲ್ಲಿ 'ಹೊಲದಿಂದ ನೇರ ನಿಮ್ಮ ಮೇಜಿಗೆ' ಎಂಬ ಬರಹ. ಸೈಕಲ್ ಚಕ್ರದಷ್ಟು ಅಗಲದ ತಟ್ಟೆ, ಅದರ ನಟ್ಟನಡುವೆ ಅರ್ಧ ಕ್ಯಾರೆಟ್ಟು, ಕ್ಯಾರೆಟ್ಟಿನ ಮೇಲೊಂದು ಸೊಪ್ಪಿನ ಎಸಳು. ಆ ಎಸಳನ್ನು ಚಿಮಟದಿಂದ ಹಿಡಿದು, ಉಸಿರು ಬಿಗಿಹಿಡಿದು ಕೂರಿಸುವುದೇ ಅಲ್ಲಿಯ ಮುಖ್ಯ ಅಡುಗೆಯವನ ಕಸುಬಾಗಿತ್ತು. ಆದ್ದರಿಂದ ಒಳಗಿನವರೆಲ್ಲ ಅವನನ್ನು ಚಿಮಟ ಎಂದೇ ಕರೆಯುತ್ತಿದ್ದರು.

ಇನ್ನು ಹೊಲದ ಮಾತು. ತರಕಾರಿ ಬರುತ್ತಿದ್ದದ್ದು ಸಗಟು ಮಾರ್ಕೆಟ್ಟಿನಿಂದ, ವ್ಯಾನಿನಲ್ಲಿ, ಪ್ಲಾಸ್ಟಿಕ್ ಚೀಲಗಳಲ್ಲಿ, ಮೊದಲೇ ತೊಳೆಸಿಕೊಂಡು ಫಳಫಳ ಹೊಳೆಯುತ್ತ. ಅಷ್ಟು ಮಡಿಯಾದ ಕ್ಯಾರೆಟ್ಟನ್ನು ಮುಂದಿಟ್ಟು ಹೊಲದ್ದು ಅಂದರೆ ಯಾರು ನಂಬುತ್ತಾರೆ? ಅದಕ್ಕೇ ಹಿಂಬಾಗಿಲ ಬಳಿ ಹೂಕುಂಡದ ಅಂಗಡಿಯಿಂದ ತಂದ ಮಣ್ಣಿನ ಚೀಲವೊಂದು ಸದಾ ಇರುತ್ತಿತ್ತು. ಬೆಳಿಗ್ಗೆ ಬಂದೊಡನೆ ದೊಡ್ಡಮ್ಮ ಆ ಮಣ್ಣನ್ನು ಕಲಸಿ ಕ್ಯಾರೆಟ್ಟಿಗೂ ಬೀಟ್‌ರೂಟಿಗೂ ಬಳಿಯಬೇಕು, ಬುಟ್ಟಿಯಲ್ಲಿ ಜೋಡಿಸಿ ಹಾಲ್‌ನಲ್ಲಿಡಬೇಕು. ಬಂದವರು ಅದನ್ನು ಮೂಸಿ, ಕಣ್ಣುಮುಚ್ಚಿ, "ಆಹಾ, ಭೂಮಿ!" ಎಂದಮೇಲೆ ಅದೇ ಬುಟ್ಟಿಯನ್ನು ಒಳಗೆ ತಂದು, ತಿಕ್ಕಿ ತೊಳೆದು, ಅಡುಗೆಗೆ ಕೊಡಬೇಕು.

"ಕೊಳೆ ಮಾಡೋಳೂ ನಾನೇ, ತೊಳೆಯೋಳೂ ನಾನೇ" ಎನ್ನುತ್ತಿದ್ದಳು ದೊಡ್ಡಮ್ಮ. "ಇದ್ದಲ್ಲೇ ಬಿಟ್ಟಿದ್ರೆ ಎರಡು ಕೆಲಸ ಉಳೀತಿತ್ತು."

"ಎರಡೂ ಉಳಿದಿದ್ರೆ ನೀನು ಉಳೀತಿರಲಿಲ್ಲ ದೊಡ್ಡಮ್ಮ. ಬಾಯಿ ಮುಚ್ಕೊಂಡು ಬಳಿ" ಎನ್ನುತ್ತಿದ್ದ ಚಿಮಟ.

ಹೊಲವೆಂಬುದನ್ನು ಅವಳು ಬಸ್ಸಿನ ಕಿಟಕಿಯಿಂದ ಕಂಡಿದ್ದಳು, ಅಷ್ಟೇ. ಹುಟ್ಟಿದ್ದು ನೂಲಿನ ಗಿರಣಿಯ ಸಾಲುಮನೆಯಲ್ಲಿ. ಕ್ಯಾರೆಟ್ಟು ಗಿಡದ ಮೇಲೆ ಬಿಡುತ್ತದೆಯೋ ಕೆಳಗೋ ಎಂಬುದು ಅವಳಿಗೆ ಖಚಿತವಾದದ್ದು ಅದಕ್ಕೆ ಮಣ್ಣು ಬಳಿ ಎಂದು ಹೇಳಿದ ದಿನ.

ಸ್ಟೂಲು ಹೋದ ದಿನ ಅವಳು ಒದ್ದೆ ಕೈ ಒರೆಸಿಕೊಂಡು ಮಾಲೀಕರ ಎದುರು ನಿಂತಳು. ಅವರು ಹರಿದದ್ದನ್ನೇ ಹುಡುಕಿ ದುಬಾರಿಗೆ ಕೊಂಡಿದ್ದ ಗೋಣಿಬಟ್ಟೆಯ ಏಪ್ರನ್ ತೊಟ್ಟು, ಕನ್ನಡಿಯ ಮುಂದೆ ಅದನ್ನು ಇನ್ನಷ್ಟು ಮುದುಡಿಸಿಕೊಳ್ಳುತ್ತಿದ್ದರು.

"ಸಾರ್, ನನ್ನ ಸ್ಟೂಲು."

"ನೋಡಿದ್ರಾ ಅಮ್ಮ? ಎಷ್ಟು ಚೆನ್ನಾಗಿ ಕಾಣ್ತಿದೆ ಅಲ್ಲಿ! ಬಂದೋರೆಲ್ಲ ಫೋಟೋ ತಗೊಳ್ತಿದ್ದಾರೆ."

"ಕಾಣ್ತಿದೆ ಸಾರ್. ನನಗೆ ಕೂರೋದಕ್ಕೆ ಬೇಕಿತ್ತು."

"ಅಡುಗೆಮನೇಲಿ ಕೂತ್ರೆ ಕೆಲಸದ ಲಯ ಕೆಡುತ್ತೆ. ನಾನು ಯಾವತ್ತಾದ್ರೂ ಅಲ್ಲಿ ಕೂತಿದ್ದೀನಾ ಹೇಳಿ?"

ಅವರು ಅಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ, ನಿಜ. ನಿಂತದ್ದನ್ನೂ ಕಂಡಿರಲಿಲ್ಲ.

"ನಾವೆಲ್ಲ ಒಂದೇ ಮನೆಯೋರಲ್ವಾ ಅಮ್ಮ? ಮನೆ ಚೆನ್ನಾಗಿ ಕಾಣ್ಲಿ ಅಂತ ಮನೆಯೋರು ಏನಾದ್ರೂ ಕೊಡ್ತಾರೆ ತಾನೇ?"

"ಮನೆಯೋರು ಅಂದ್ಮೇಲೆ ಊಟಕ್ಕಾದ್ರೂ ಕೂರ್ತಾರಲ್ಲ ಸಾರ್."

ಮಾಲೀಕರು ಅದನ್ನು ತಮಾಷೆ ಎಂದುಕೊಂಡು ನಕ್ಕು, ಬಾರದ ಫೋನನ್ನು ಕಿವಿಗೆ ಹಿಡಿದುಕೊಂಡು ಹೊರಟುಹೋದರು.

ಎರಡು ದಿನ ಕಳೆಯುವಷ್ಟರಲ್ಲಿ ಕುಂಬಳಕಾಯಿಯ ಮುಂದೆ ಒಂದು ಹಲಗೆಯೂ ಬಂತು. ಚಿಮಟ ಅದನ್ನು ಓದಿಕೊಂಡು ಬಂದು ವರದಿ ಒಪ್ಪಿಸಿದ. "ನೂರು ವರ್ಷ ಹಳೆಯ ಹಾಲು ಕರೆಯುವ ಮಣೆಯಂತೆ ದೊಡ್ಡಮ್ಮ. ನಮ್ಮ ರೈತ ಕುಟುಂಬದ ಪ್ರೀತಿಯ ಕೊಡುಗೆಯಂತೆ. ನಿನ್ನ ಯಜಮಾನ್ರು ಅದನ್ನ ನೂರು ವರ್ಷದ ಹಿಂದೆ ಮಾಡಿದ್ರಾ?"

"ಅವನು ಕೆಲಸ ಮಾಡ್ತಿದ್ದ ನಿಧಾನ ನೋಡಿದ್ರೆ ಶುರು ಮಾಡಿದ್ದು ಆಗಲೇ ಇರಬೇಕು ಕಣೋ" ಎಂದಳು ದೊಡ್ಡಮ್ಮ. ನಗು ಬರಲಿಲ್ಲ. ಮಂಡಿ ಚುಳ್ ಎಂದಿತ್ತು.

ಮಾಲೀಕರ ಈ ಅಲಂಕಾರದ ಭಾರವೆಲ್ಲ ಬಿದ್ದದ್ದು ಆ ಮಂಡಿಗಳ ಮೇಲೆ. ಬೆಳಿಗ್ಗೆ ಬಂದರೆ ಕತ್ತಲಾಗುವವರೆಗೆ ತೊಟ್ಟಿಯ ಮುಂದೆ ನಿಂತೇ ಕೆಲಸ. ನಡುವೆ ಅತಿಥಿಗಳು ಬಿಟ್ಟ ಬ್ರೆಡ್ಡಿನ ಅಂಚು, ತಳದ ಸೂಪು ತಿನ್ನುವಾಗ ಕೂರುತ್ತಿದ್ದ ಅಷ್ಟು ಹೊತ್ತೇ ಅವುಗಳಿಗೆ ಬಿಡುವು. ಅದೂ ಹೋದಮೇಲೆ ಅವು ಬನ್ನಿನ ಹಾಗೆ ಊದಿಕೊಂಡವು. ಅವಳು ಬಕೆಟ್ಟೊಂದನ್ನು ಬೋರಲು ಹಾಕಿ ಕೂತು ನೋಡಿದಳು. ಬಾಗಿಲು ತೆರೆದಾಗ ನೀಲಿ ಪ್ಲಾಸ್ಟಿಕ್ಕು ಅತಿಥಿಗಳ ಕಣ್ಣಿಗೆ ಬಿದ್ದು ಮಣ್ಣಿನ ಸಂಬಂಧ ಕೆಡುತ್ತದೆಂದು ಮಾಲೀಕರು ಅದನ್ನೂ ತೆಗೆಸಿದರು. ಮನೆಗೆ ಹೋದರೆ ಮೆಟ್ಟಿಲ ಬುಡದಲ್ಲೇ ಕುಸಿದು ಕೂತು, ಮೇಲೆ ಮನೆಯಲ್ಲಿದ್ದ ತನ್ನ ಮಗಳನ್ನು ಕೂಗಿ, ಕೈಹಿಡಿಸಿಕೊಂಡು ಹತ್ತುವ ಹಾಗಾಯಿತು.

"ಬಿಟ್ಟುಬಿಡಮ್ಮ ಆ ಕೆಲಸ" ಎಂದಳು ಮಗಳು.

"ಬಿಟ್ಟು? ನಿನ್ನ ತಟ್ಟೆಗೆ ಕೈ ಹಾಕಲಾ?"

ಮಗಳ ತಟ್ಟೆ ಎಷ್ಟು ತುಂಬಿದೆಯೆಂದು ಇಬ್ಬರಿಗೂ ಗೊತ್ತಿತ್ತು. ದೊಡ್ಡಮ್ಮನಿಗೆ ಇನ್ನೊಂದೂ ಗೊತ್ತಿತ್ತು: ಹೀಗೇ ನಿಂತರೆ ಒಂದು ದಿನ ನಿಲ್ಲಲಾಗುವುದಿಲ್ಲ, ನಿಲ್ಲಲಾರದವಳನ್ನು 'ಬೇರು' ಬೇರುಸಮೇತ ಕಿತ್ತು ಎಸೆಯುತ್ತದೆ. ಸ್ಟೂಲು ಸಿಕ್ಕರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಕಣಗಾರ್ತಿ ಬಂದಳು. ತಿಂದದ್ದನ್ನು ಬರೆಯುವುದೇ ಅವಳ ಉದ್ಯೋಗ. ಅವಳು 'ಚೆನ್ನಾಗಿದೆ' ಎಂದು ಬರೆದ ಕಡೆ ಜನ ನುಗ್ಗುತ್ತಿದ್ದರು, 'ಪರವಾಗಿಲ್ಲ' ಎಂದ ಕಡೆ ನೊಣ ನುಗ್ಗುತ್ತಿದ್ದವು. ಮಾಲೀಕರು ತಾವೇ ಕುರ್ಚಿ ಎಳೆದುಕೊಟ್ಟರು. ಅವಳು ಅರ್ಧ ಕ್ಯಾರೆಟ್ಟನ್ನು ಹಲ್ಲಿನ ತುದಿಯಿಂದ ಕಚ್ಚಿ, ಗೋಡೆಯ ಬರಹ ಓದಿ, ಬುಟ್ಟಿಯ ಮಣ್ಣು ಮೂಸಿ ಹೇಳಿದಳು:

"ಇದನ್ನ ಬೆಳೆದ ಕೈಗಳನ್ನ ನೋಡ್ಬೇಕು."

"ಅದಕ್ಕೇನು, ಇಲ್ಲೇ ಇದ್ದಾರೆ" ಎಂದುಬಿಟ್ಟರು ಮಾಲೀಕರು. ಹಾಗೆ ಅಂದವರೇ ಅಡುಗೆಮನೆಗೆ ಓಡಿಬಂದರು. "ಯಾರಾದ್ರೂ ರೈತರನ್ನ ಕರೀರಿ!"

"ಮಾರ್ಕೆಟ್ಟಿನ ದಲ್ಲಾಳಿಗೆ ಫೋನ್ ಮಾಡ್ಲಾ ಸಾರ್?" ಎಂದ ಚಿಮಟ ಎಸಳಿನಿಂದ ಕಣ್ಣು ಕೀಳದೆ. "ಆದ್ರೆ ಅವನ ಬೆರಳಿಗೆಲ್ಲ ಉಂಗುರ."

ಮಾಲೀಕರ ಕಣ್ಣು ಕೋಣೆಯೆಲ್ಲ ಸುತ್ತಿ ತೊಟ್ಟಿಯ ಬಳಿ ನಿಂತಿತು. ನೀರಿನಲ್ಲಿ ನೆನೆದು, ಬಿರಿದು, ಸುಕ್ಕುಗಟ್ಟಿದ ಎರಡು ಕೈಗಳು ಅಲ್ಲಿದ್ದವು.

"ಅಮ್ಮ! ಹೊರಗೆ ಬನ್ನಿ. ಕೈಗೆ ಸ್ವಲ್ಪ ಮಣ್ಣು ಹಚ್ಕೊಳ್ಳಿ."

"ಎಷ್ಟು?"

"ಕ್ಯಾರೆಟ್ಟಿಗೆ ಹಚ್ತೀರಲ್ಲ, ಅಷ್ಟೇ."

"ಬಂದ್ರೆ ನನ್ನ ಸ್ಟೂಲು ಕೊಡ್ತೀರಾ?"

"ಕೊಡ್ತೀನಿ, ಕೊಡ್ತೀನಿ! ಮೊದಲು ನಗ್ತಾ ಬನ್ನಿ. ಜಾಸ್ತಿ ಮಾತಾಡ್ಬೇಡಿ. ರೈತರು ಜಾಸ್ತಿ ಮಾತಾಡಲ್ಲ."

"ಕೊಡ್ತೀನಿ ಅಂದ್ರು, ಕೇಳಿಸ್ಕೊಂಡ್ಯಾ?" ಎಂದು ದೊಡ್ಡಮ್ಮ ಚಿಮಟನನ್ನು ಕೇಳಿದಳು. ಅವನು ಚಿಮಟವೆತ್ತಿ ಸಾಕ್ಷಿ ಹೇಳಿದ. ಅವಳು ಮಣ್ಣಿನ ಚೀಲಕ್ಕೆ ಒದ್ದೆ ಕೈ ಹಾಕಿ, ಮೊಣಕೈವರೆಗೆ ಬಳಿದುಕೊಂಡು, ಕುಂಟುತ್ತ ಹೊರಗೆ ಹೋದಳು.

ಅವಳ ಕುಂಟು ನೋಡಿದೊಡನೆ ಅಂಕಣಗಾರ್ತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಎಷ್ಟು ದುಡಿದ ಜೀವ! ಈ ಕ್ಯಾರೆಟ್ಟು ನಿಮ್ಮದೇನಾ ಅಮ್ಮ?"

"ಬೆಳಿಗ್ಗೆ ನಾನೇ ಮಣ್ಣು ಹಚ್ಚಿದ್ದು."

"ನೋಡಿ, ಬೆಳೆದೆ ಅಂತ ಹೇಳ್ಕೊಳ್ಳಲ್ಲ! ಎಂಥ ವಿನಯ! ಯಾವ ಮಣ್ಣಮ್ಮ ಇದು?"

"ಚೀಲದ್ದು."

ಮಾಲೀಕರಿಗೆ ಕೆಮ್ಮು ಬಂತು. "ಒಳ್ಳೆ ಮಣ್ಣನ್ನ ಚೀಲದಲ್ಲಿ ಜೋಪಾನ ಮಾಡ್ತಾರೆ. ತಲೆಮಾರುಗಳಿಂದ ಬಂದದ್ದು" ಎಂದರು. ಅಂಕಣಗಾರ್ತಿ ಅದನ್ನು ಫೋನಿನಲ್ಲಿ ಟಿಪ್ಪಣಿ ಮಾಡಿಕೊಂಡು, ದನಿ ತಗ್ಗಿಸಿ ಕೇಳಿದಳು:

"ನೀವು ಗಿಡಗಳ ಜೊತೆ ಮಾತಾಡ್ತೀರಾ?"

"ಇಲ್ಲಮ್ಮ. ಕೆಲಸದ ಹೊತ್ತಲ್ಲಿ ನಾವು ಮಾತಾಡೋ ಹಾಗಿಲ್ಲ."

ಪಕ್ಕದ ಮೇಜಿನ ಬೆಳ್ಳಿಗೂದಲಿನ ಗಂಡಸೊಬ್ಬ ನಿಟ್ಟುಸಿರು ಬಿಟ್ಟ. "ಈ ಜನಕ್ಕಿರೋ ನೆಮ್ಮದಿ ನಮಗೆಲ್ಲಿದೆ!" ಎಂದು ಹೆಂಡತಿಗೆ ಹೇಳಿ, ಸೂಪು ಆರಿದೆಯೆಂದು ಬಡಿಸುವವನ ಮೇಲೆ ಹರಿಹಾಯ್ದ.

ಆಗ ಅಂಕಣಗಾರ್ತಿಯ ಕಣ್ಣು ಬಾಗಿಲ ಬಳಿಗೆ ಹೋಯಿತು. ಎದ್ದುಹೋಗಿ ಹಲಗೆ ಓದಿದಳು. "ರೈತ ಕುಟುಂಬದ ಕೊಡುಗೆ... ಅಂದ್ರೆ ಈ ಮಣೆ ನಿಮ್ಮದೇ?"

"ನನ್ನದೇ."

ಆ ಮಧ್ಯಾಹ್ನ ಆ ಹಾಲ್‌ನಲ್ಲಿ ಕೇಳಿದವರಿಗೂ ಹೇಳಿದವರಿಗೂ ಒಂದೇ ಅರ್ಥವಾದ ಮಾತು ಅದೊಂದೇ.

"ಹಾಗಾದ್ರೆ ಕೂತ್ಕೊಳ್ಳಿ ಅಮ್ಮ! ಒಂದು ಫೋಟೋ ಬೇಕೇ ಬೇಕು."

ಮಾಲೀಕರು ಓಡಿಬಂದು ಕುಂಬಳಕಾಯಿಯನ್ನು ಹಸುಗೂಸಿನ ಹಾಗೆ ಎರಡೂ ಕೈಯಿಂದ ಎತ್ತಿಕೊಂಡರು. ದೊಡ್ಡಮ್ಮ ತಕ್ಷಣ ಕೂರಲಿಲ್ಲ. ಸ್ಟೂಲನ್ನು ಬೋರಲು ಮಾಡಿ ನೋಡಿದಳು. ಕೂರುವ ಹಲಗೆಯ ಅಡಿಯಲ್ಲಿ ಸೋಪಿನ ಪೆಟ್ಟಿಗೆಯ ಕೆಂಪಕ್ಷರ ಹಾಗೇ ಇತ್ತು: 'ಈ ಭಾಗ ಮೇಲಿರಲಿ'.

"ಏನೋ ಬರೆದಿದ್ಯಲ್ಲ!" ಎಂದಳು ಅಂಕಣಗಾರ್ತಿ ಕತ್ತು ಚಾಚಿ.

"ಹಿರಿಯರು ಬರೆಸಿಟ್ಟಿದ್ದು" ಎಂದರು ಮಾಲೀಕರು, ಕುಂಬಳಕಾಯಿಯ ಹಿಂದಿನಿಂದ.

ಗಿಡ್ಡ ಕಾಲಿನ ತುದಿಗೆ ಯಾರೋ ಬಾಟಲಿಯ ಬಿರಡೆ ಕೊಯ್ದು ಅಂಟಿಸಿದ್ದರು. ಇಷ್ಟು ಕಾಲ ಅವಳು ವಾಲಿಕೊಂಡೇ ಕೂತಿದ್ದಳು. ಯಾರಿಗೂ ಏನೂ ಅನಿಸಿರಲಿಲ್ಲ. ಕುಂಬಳಕಾಯಿ ವಾಲಬಾರದಲ್ಲ! ಅವಳು ಮಣ್ಣಿನ ಉಗುರಿನಿಂದ ಬಿರಡೆಯನ್ನು ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಸ್ಟೂಲನ್ನು ನೆಟ್ಟಗಿಟ್ಟು ಕೂತಳು. ಟಕ್. ಎಡಕ್ಕೆ ವಾಲಿತು. ಅವಳ ಮುಖದಲ್ಲಿ ಮೂಡಿದ ನಗುವಿಗೂ ಅಂಕಣಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮಂಡಿಯೊಳಗೆ ಗಂಟು ಕಟ್ಟಿದ್ದೇನೋ ಒಂದೊಂದೇ ಎಳೆಯಾಗಿ ಬಿಚ್ಚಿಕೊಳ್ಳತೊಡಗಿತು.

ಫೋಟೋ ಆಯಿತು. ಅಂಕಣಗಾರ್ತಿ ಕಣ್ಣಂಚು ಒರೆಸಿಕೊಂಡು ತನ್ನ ಮೇಜಿಗೆ ಮರಳಿದಳು. ಮಾಲೀಕರು ಬಗ್ಗಿ, ಹಲ್ಲು ಕಾಣುವಂತೆ ನಗುತ್ತಲೇ, ಹಲ್ಲಿನ ಸಂದಿಯಿಂದ ಹೇಳಿದರು:

"ಆಯ್ತಮ್ಮ, ಏಳಿ. ತೊಟ್ಟೀಲಿ ಪಾತ್ರೆ ರಾಶಿ ಬಿದ್ದಿದೆ."

"ಸ್ಟೂಲು ಎತ್ಕೊಂಡೇ ಹೋಗ್ಲಾ ಸಾರ್?"

"ಅದೆಲ್ಲ ನಾಳೆ ಮಾತಾಡೋಣ. ಕುಂಬಳಕಾಯಿ ಇಡ್ಬೇಕು."

"ಕೊಡ್ತೀನಿ ಅಂದ್ರಲ್ಲ."

"ಈಗಷ್ಟೇ ಅವರು ಇದರ ಫೋಟೋ ತಗೊಂಡಿದ್ದಾರೆ. ನಾಳೆಯಿಂದ ಜನ ಇದನ್ನ ನೋಡೋಕ್ಕೇ ಬರ್ತಾರೆ. ಈಗ ಕೊಡೋಕ್ಕಾಗುತ್ತಾ? ಏಳಿ."

ದೊಡ್ಡಮ್ಮ ಮಾಲೀಕರನ್ನು ನೋಡಿದಳು. ಕುಂಬಳಕಾಯಿ ದಪ್ಪದ್ದು. ಅವರ ತೋಳು ನಡುಗತೊಡಗಿತ್ತು. ಇಳಿಸೋಣವೆಂದರೆ ಮೇಜುಗಳೆಲ್ಲ ತುಂಬಿದ್ದವು, ನೆಲಕ್ಕಿಟ್ಟರೆ ಅಂದ ಕೆಡುತ್ತಿತ್ತು. ಅವರು ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಹಾಕಿದರು. ತೊಟ್ಟಿಯ ಮುಂದೆ ತಾನು ಇಡೀ ದಿನ ಮಾಡುತ್ತಿದ್ದದ್ದೂ ಅದನ್ನೇ ಎಂದು ಅವಳಿಗೆ ನೆನಪಾಯಿತು.

"ಏನಮ್ಮ, ಕೆಲಸ ಬೇಕೋ ಬೇಡ್ವೋ?" ಮಾಲೀಕರ ದನಿ ಈಗ ಹಲ್ಲಿನ ಸಂದಿ ದಾಟಿ ಹೊರಗೆ ಬಂದಿತ್ತು. ಬೆಳ್ಳಿಗೂದಲಿನ ಗಂಡಸಿನ ಚಮಚ ಅರ್ಧದಲ್ಲೇ ನಿಂತಿತು. ಅಂಕಣಗಾರ್ತಿ ತಿರುಗಿ ನೋಡಿದಳು.

"ಬೇಕು ಸಾರ್. ಅದಕ್ಕೇ ಕೂತಿರೋದು." ದೊಡ್ಡಮ್ಮ ಅಡುಗೆಮನೆಯ ಬಾಗಿಲ ಕಡೆ ಕತ್ತು ತಿರುಗಿಸಿ ಕೂಗಿದಳು. "ಚಿಮಟಾ, ಊಟದ ಹೊತ್ತಾಯ್ತು. ನನ್ನ ಬ್ರೆಡ್ಡು, ಸೂಪು ಇಲ್ಲಿಗೇ ತಗೊಂಡು ಬಾರೋ."

"ಏಳು ಅಂದೆ!"

ಅವಳು ಮಣ್ಣಾದ ಎರಡೂ ಕೈಗಳನ್ನು ಮಂಡಿಗಳ ಮೇಲೆ ಊರಿಕೊಂಡಳು. ಸ್ಟೂಲು ಟಕ್ಕೆಂದಿತು.

"ಅದನ್ನ ಎತ್ಕೊಂಡು ನೀವೇ ಸ್ವಲ್ಪ ಹೊತ್ತು ನಿಂತಿರಿ ಸಾರ್" ಎಂದಳು. "ನಾನು ಏಳಲ್ಲ."