ಬೋರ್ಡಲ್ಲಿ ಬಿಟ್ಟುಹೋದ ಎರಡಕ್ಷರ

ಕೇಳ್ರಿ, ಮೂರು ಸಾವಿರ ವರ್ಷದ ಕಲ್ಲನ್ನ ಒಂದೇ ಒಂದು ಡೈಲಾಗಲ್ಲಿ ಉಳಿಸಿದೋನು ನಾನು. ಎದುರಿಗೆ ಕ್ರೇನು, ಹಿಂದೆ ಕಲ್ಲು, ಮಧ್ಯ ನಾನು. "ಕಲ್ಲು ಎತ್ತೋಕ್ಕೆ ಮುಂಚೆ ನನ್ನ ಎತ್ತು ನೋಡೋಣ," ಅಂದೆ. ಗಾಳಿ ಬೀಸ್ತು, ಕೂದಲು ಹಾರ್ತು, ಡ್ರೈವರ್ ರಿವರ್ಸ್ ಗೇರ್ ಹಾಕ್ದ. ಸ್ನೇಹಿತರಿಗೆ ಇದನ್ನ ಹದಿನಾಲ್ಕು ಸಲ ಹೇಳಿದ್ದೀನಿ. ಪ್ರತಿ ಸಲಾನೂ ಕ್ರೇನು ಸ್ವಲ್ಪ ದೊಡ್ಡದಾಗಿದೆ.

ಕಲ್ಲು ಎರಡಾಳೆತ್ತರ, ರಸ್ತೆ ಮಗ್ಗುಲಲ್ಲಿ ಸುಮ್ನೆ ನಿಂತಿದೆ. ಅಕ್ಷರ ಹುಟ್ಟೋಕ್ಕೂ ಮುಂಚೆ ಯಾರೋ ನಿಲ್ಸಿದ್ದು. ಯಾಕೆ ಅಂತ ಬರೆದಿಡೋಕೆ ಅವರಿಗೆ ಬರ್ತಿರ್ಲಿಲ್ಲ. ಪುರಾತನ ವಸ್ತುಗಳ ಆಫೀಸಿನ ಸಾಹೇಬ್ರಿಗೆ ಬರೆಯೋದು ಬಿಟ್ರೆ ಬೇರೇನೂ ಬರಲ್ಲ. ನಮ್ಮ ತಾತ ಆ ಕಲ್ಲಿನ ವಾಚ್‌ಮನ್. ದಿನಾ ಬೆಳಿಗ್ಗೆ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು, ಕಲ್ಲು ಎಷ್ಟು ವಾಲಿದೆ ಅಂತ ಬೆರಳಲ್ಲಿ ಅಳೆದು ನೋಟ್‌ಬುಕ್ಕಲ್ಲಿ ಬರೀತಾರೆ. ಇಪ್ಪತ್ತಾರು ವರ್ಷಕ್ಕೆ ಕಲ್ಲು ವಾಲಿರೋದು ಅರ್ಧ ಬೆರಳು. ತಾತ ಅದಕ್ಕಿಂತ ಜಾಸ್ತಿ ಬಾಗಿದ್ದಾರೆ.

ರಸ್ತೆ ಅಗಲ ಮಾಡೋಕೆ ಕಲ್ಲು ಅಡ್ಡ ಬಂತು. ಕಿತ್ತು ಗೋಡೌನಿಗೆ ಹಾಕ್ತೀವಿ ಅಂತ ಮೇಲಿನ ಮಹಡಿ ರಸ್ತೆ ಆಫೀಸಿಂದ ಅದೇ ಕಟ್ಟಡದ ಕೆಳಗಿನ ಮಹಡಿ ಸಾಹೇಬ್ರಿಗೆ ಅಂಚೇಲಿ ಕಾಗದ ಬಂತು. ತಾತ ನೋಟ್‌ಬುಕ್ ಹಿಡ್ಕೊಂಡು ಓಡಿದ್ರು.

"ನಡುವೆ ಬಿರುಕಿದೆ ಸ್ವಾಮಿ. ಮಲಗಿಸಿದ್ರೆ ಎರಡು ತುಂಡು."

"ಪರಿಶೀಲನೇಲಿದೆ ಯಜಮಾನ್ರೆ."

"ಗುರುವಾರ ಕ್ರೇನ್ ಬರುತ್ತಂತೆ."

"ನಮ್ಮ ಮೀಟಿಂಗು ಶುಕ್ರವಾರ ಇದೆಯಲ್ಲ," ಅಂತ ಸಾಹೇಬ್ರು ಸಮಾಧಾನ ಹೇಳಿದ್ರು.

ಅಲ್ಲೀವರೆಗೂ ಸಂರಕ್ಷಣೆ ಆಗ್ಲಿ ಅಂತ ಒಂದು ಬೋರ್ಡಿಗೆ ಸಹಿ ಹಾಕಿದ್ರು. ಬೋರ್ಡ್ ಬರೆಯೋದು ನನ್ನ ಕಸುಬು. ಚೀಟೀಲಿದ್ದಿದ್ದು ಇಷ್ಟು: 'ಪುರಾತನ ಕಲ್ಲು. ಫೋಟೋ ತೆಗೆಯಬಾರದು. ಇಲಾಖೆಯ ಆದೇಶ.'

"ಕಲ್ಲೇ ಹೋಗ್ತಿದೆ, ಫೋಟೋ ತೆಗೆದ್ರೆ ಇವರ ಗಂಟೇನು ಹೋಗುತ್ತೋ," ಅಂತ ತಾತ ಗೊಣಗಿದ್ರು.

ಗುರುವಾರ ಕ್ರೇನ್ ಬಂತು. ಡ್ರೈವರ್ ಇಳಿದ, ಬೋರ್ಡ್ ಓದ್ದ, ತಲೆ ಕೆರ್ಕೊಂಡು ಫೋನ್ ಮಾಡ್ದ. "ಸಾರ್, 'ಪುರಾತನ ಕಲ್ಲು, ತೆಗೆಯಬಾರದು' ಅಂತ ಬರೆದಿದ್ದಾರೆ. ಆದೇಶ ಅಂತೆ. ಆಮೇಲೆ ನನ್ನ ತಲೆಗೆ ಕಟ್ತೀರ, ನಾನೊಲ್ಲೆ."

ಮೇಲಿನವರು ಕೆಳಗಿನವರನ್ನ ಕೇಳಿದ್ರು. ಯಾವ ಆದೇಶ ಅಂತ ಸಾಹೇಬ್ರಿಗೆ ನೆನಪಿರ್ಲಿಲ್ಲ. ಆದ್ರೂ "ಹೌದು, ನಾನೇ ಮಾಡಿದ್ದು" ಅಂದ್ರು. ಈಗ ರಸ್ತೆ ಕಲ್ಲಿನ ಹತ್ರ ಬಂದು ಸೊಂಟ ತಿರುಗಿಸಿ ಹೋಗುತ್ತೆ. ತಮ್ಮ ದೂರದೃಷ್ಟಿ ಬಗ್ಗೆ ಸಾಹೇಬ್ರು ಮುಕ್ಕಾಲು ಗಂಟೆ ಭಾಷಣ ಬಿಗಿದ್ರು.

ಸರಿ, ನಿಜ ಹೇಳ್ಬಿಡ್ತೀನಿ. ಬೋರ್ಡ್ ಬರೆಯೋವಾಗ ನಾನು ಕುಂಚ ಹಿಡ್ಕೊಂಡು ಮನಸ್ಸಲ್ಲಿರೋ ವಿಲನ್‌ಗೆ ಡೈಲಾಗ್ ಹೊಡೀತಿದ್ದೆ. ಆ ಜೋಶಲ್ಲಿ 'ಫೋಟೋ' ಬಿಟ್ಟುಹೋಯ್ತು. ಗುರುವಾರ ಅದನ್ನ ಸೇರಿಸೋಕೆ ಬಣ್ಣದ ಡಬ್ಬಿ ತಗೊಂಡು ಹೋದೋನು, ಕ್ರೇನ್ ಸದ್ದಿಗೆ ಕಲ್ಲಿನ ಹಿಂದೆ ಬಚ್ಚಿಟ್ಕೊಂಡೆ. ಕೂದಲೂ ಹಾರಿಲ್ಲ. ಕಲ್ಲಿನ ಮುಂದೆ ನಿಂತಿದ್ದು ತಾತ, ಕೈಯಲ್ಲಿ ತೂಗುಗುಂಡು.

ಕ್ರೇನ್ ಹೋದ್ಮೇಲೆ ತಾತ ಕಲ್ಲಿನ ಹಿಂದೆ ಬಂದು ನನ್ನ ಕುಂಚ ಕಿತ್ಕೊಂಡ್ರು.

"ಎರಡಕ್ಷರ ಸೇರಿಸ್ಬೇಕು ತಾತ..."

"ತೆಪ್ಪಗಿರೋ. ಅಕ್ಷರ ಬರದೇ ಇರೋರು ನಿಲ್ಸಿದ ಕಲ್ಲು. ಅಕ್ಷರ ಬರೋ ನೀನು ಕೈಯಾಡಿಸಿ ಬೀಳಿಸ್ಬೇಡ."

ಅವತ್ತು ನಾನು ಹೊಡೆದ ಒಂದೇ ಒಂದು ಡೈಲಾಗು: "ಸರಿ ತಾತ."