ಬಿಸಿಲಿಗೆ ಬಂದ ಜಾಲಿ ಸ್ಟೂಲು

ನಾನು ಒಂದು ಸ್ಟೂಲು. ಗದಗಿನ ಬಡಿಗ ಮೌನೇಶಪ್ಪ ಚಕ್ಕಡಿಯ ಗಾಲಿಗೆಂದು ತಂದ ಜಾಲಿ ಮರದಲ್ಲಿ ಉಳಿದ ತುಂಡುಗಳಿಂದ ನನ್ನನ್ನು ಮಾಡಿದ. ಗಾಲಿಯಾಗಿದ್ದರೆ ಊರೂರು ತಿರುಗುತ್ತಿದ್ದೆ. ಸ್ಟೂಲಾದ್ದರಿಂದ ಜನರನ್ನು ಹತ್ತಿರದಿಂದ ಕಂಡೆ.

ಮೊದಲು ನಾನು ಮೆಹಬೂಬಸಾಬರ ಬಳೆ ಅಂಗಡಿಯಲ್ಲಿದ್ದೆ. ಹೆಣ್ಣುಮಕ್ಕಳು ನನ್ನ ಮೇಲೆ ಕುಳಿತು ಕೈ ಚಾಚುತ್ತಿದ್ದರು. ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುವ ದಾನವ್ವ ಬಂದರೆ ಸಾಬರು ಬೆವರುತ್ತಿದ್ದರು. ರೊಟ್ಟಿ ಬಡಿದು ಗಟ್ಟಿಯಾದ ಆ ಕೈಗೆ ಬಳೆ ಏರುತ್ತಲೇ ಇರಲಿಲ್ಲ.

"ಇದು ಕೈಯೋ ಒನಕಿಯೋ, ದಾನವ್ವಾ?"

"ಮಧ್ಯಾಹ್ನ ಉಣ್ಣಾಕ ಬರ್ತೀರಲ್ಲ, ಆಗ ಕೇಳ್ರಿ."

ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟಾಗ ಸಾಬರು, ಉಂಡ ರೊಟ್ಟಿಯ ನೆನಪಿಗೆಂದು ನನ್ನನ್ನು ದಾನವ್ವನಿಗೇ ಕೊಟ್ಟರು.

ಖಾನಾವಳಿಯ ಅಡಿಗೆಮನೆಗೆ ಬಿಸಿಲು ಬರುತ್ತಿರಲಿಲ್ಲ. ದಾನವ್ವ ಹೊತ್ತು ಹುಟ್ಟುವ ಮೊದಲೇ ಒಳಗೆ ಬಂದರೆ ಹೊರಗೆ ಹೋಗುವಾಗ ದೀಪ ಹತ್ತಿರುತ್ತಿತ್ತು. ದಿನವಿಡೀ ಪಟಪಟ ರೊಟ್ಟಿಯ ಸದ್ದು. ಆ ಸದ್ದು ಕೇಳಿಯೇ ಹಸಿದವರು ಒಳಗೆ ಬರುತ್ತಿದ್ದರು.

ಮೊದಮೊದಲು ಗೋಡೆಯ ಹಲಗೆಯ ಮೇಲಿನ ಶೇಂಗಾ ಚಟ್ನಿಯ ಡಬ್ಬಿ ಅವಳ ಕೈಗೆ ಸುಲಭವಾಗಿ ಸಿಗುತ್ತಿತ್ತು. ವರ್ಷಗಳು ಕಳೆದಂತೆ ತುದಿಗಾಲಲ್ಲಿ ನಿಂತಳು. ಆಮೇಲೆ ನನ್ನ ಮೇಲೆ ಹತ್ತತೊಡಗಿದಳು. ಸೀರೆಯ ಅಂಚು ನೆಲ ಗುಡಿಸುತ್ತಿತ್ತು.

"ಈ ಹಲಗಿ ಯಾರೋ ಮ್ಯಾಲ ಏರ್ಸ್ಯಾರ ನೋಡ."

"ಹಲಗಿ ಅಲ್ಲೇ ಐತ್ರಿ ಅತ್ತಿ, ನೀವ ಕುಗ್ಗಾಕತ್ತೀರಿ," ಎಂದಳು ಸೊಸೆ ಉಮಾ. ಇಬ್ಬರೂ ನಕ್ಕರು. ದಾನವ್ವ ಬೆನ್ನು ನೋಯುತ್ತದೆಂದಾಗ ಎಣ್ಣೆ ತಿಕ್ಕಿಕೊಂಡರೆ ಆಯಿತು ಎಂದುಕೊಂಡರು.

ಒಂದು ದಿನ ಡಬ್ಬಿ ಹಿಡಿದು ಇಳಿಯುವಾಗ ದಾನವ್ವನ ಕಾಲು ಸೀರೆಯ ಅಂಚಿಗೆ ಸಿಕ್ಕಿತು. ಮೆಲ್ಲಗೆ ವಾಲಿ ನೆಲಕ್ಕೆ ಕೈ ಊರಿದಳು. ಅಷ್ಟಕ್ಕೇ ಒನಕೆಯಂಥ ಆ ಕೈ ಮಣಿಕಟ್ಟಿನಲ್ಲಿ ಮುರಿಯಿತು.

"ಈ ಹಾಳ ಸ್ಟೂಲಿಂದ ಆತು," ಎಂದು ಮಗ ವೀರೇಶ ನನ್ನನ್ನು ಹಿತ್ತಲಿನ ಕಟ್ಟಿಗೆ ರಾಶಿಗೆ ಎಸೆದ. ನಾನು ಅಲುಗಾಡಿರಲಿಲ್ಲ. ಆದರೆ ಸ್ಟೂಲನ್ನು ಯಾರು ಕೇಳುತ್ತಾರೆ?

ಪಟಪಟ ನಿಂತಿತು. ಹೊರಗಿನಿಂದ ತರಿಸಿದ ರೊಟ್ಟಿಯನ್ನು ಗಿರಾಕಿಗಳು ಸುಮ್ಮನೆ ಉಂಡು ಎದ್ದರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ದಾನವ್ವ ಕೇಳುತ್ತಿದ್ದುದು ಒಂದೇ ಮಾತು: "ನನಗ ಮತ್ತ ರೊಟ್ಟಿ ಬಡಿಯಾಕ ಬರ್ತದೇನ?"

ಒಲೆಗೆ ಕಟ್ಟಿಗೆ ಒಯ್ಯಲು ವೀರೇಶ ಬಂದು ನನ್ನ ಕಾಲು ಹಿಡಿದ ದಿನವೇ ಅತ್ತೆ ಸೊಸೆ ದೊಡ್ಡ ಆಸ್ಪತ್ರೆಯಿಂದ ಮರಳಿದರು.

"ಅದನ್ನ ಬಿಡ್ರಿ," ಎಂದಳು ಉಮಾ. "ಸ್ಟೂಲಿಂದೇನ್ ತಪ್ಪಿಲ್ಲ. ಅತ್ತಿ ಎಲುಬು ಒಳಗಿಂದೊಳಗ ಸವದಾವಂತ. ಬೆನ್ನಿನ ಎಲುಬೂ ಕುಗ್ಯಾವ, ಅದಕ್ಕ ಗಿಡ್ಡ ಆಗ್ಯಾರ."

ವೀರೇಶ ನನ್ನನ್ನು ಮೆಲ್ಲಗೆ ಕೆಳಗಿಟ್ಟ. "ಮತ್ತ ಕೈ?"

"ಕೂಡ್ತದ. ಹೋದ ಎತ್ತರ ಬರೂದಿಲ್ಲಂತ. ಆದ್ರ ಔಷಧಿ ಬಿಡಬಾರದು, ಹಾಲು ಎಳ್ಳು ತಿನ್ನಬೇಕು, ಬಿಸಿಲಿಗೆ ಕೂಡಬೇಕು."

"ಜೀವಮಾನ ಎಲ್ಲಾ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿ ಮಂದಿಗೆ ಹಾಕೀನಿ," ಎಂದಳು ದಾನವ್ವ. "ನನ್ನ ತಾಟಿಗೆ ಹಾಕ್ಕೊಳ್ಳಾಕ ಮರ್ತೆ."

ಮರುದಿನ ಉಮಾ ನನ್ನನ್ನು ತೊಳೆದು ಹಿತ್ತಲಿನ ಬಿಸಿಲಲ್ಲಿ ಇಟ್ಟಳು. ದಾನವ್ವ ನನ್ನ ಮೇಲೆ ಕುಳಿತು ಒಂದೇ ಕೈಯಿಂದ ಎಳ್ಳು ಹಸನು ಮಾಡಿದಳು. ಕೈ ಊರದೆ ಏಳುವುದು, ಮತ್ತೆ ಕೂಡುವುದು, ಕಾಲಿಗೆ ಬಲ ಬರಲೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಹೊಸ ಪಾಠ. ಮೊದಲು ತೊಡೆ ನಡುಗುತ್ತಿತ್ತು. ಆ ನಡುಕ ನನ್ನ ಕಾಲಿಗೂ ಬರುತ್ತಿತ್ತು. ದಿನ ಹೋದಂತೆ ಕಡಿಮೆಯಾಯಿತು.

ಪ್ಲಾಸ್ಟರ್ ಬಿಚ್ಚಿ ಕೈ ಪಳಗಿದ ಮೇಲೆ ಅವಳು ಬಡಿದ ಮೊದಲ ರೊಟ್ಟಿ ಹರಿಯಿತು. ಎರಡನೆಯದು ಯಾವ ಆಕಾರಕ್ಕೂ ಸೇರಲಿಲ್ಲ. "ಇದನ್ನ ನಾನ ತಿಂತೀನಿ," ಎಂದು ಎಳ್ಳು ಹಚ್ಚಿ ತನ್ನ ತಾಟಿಗೇ ಹಾಕಿಕೊಂಡಳು. ಮೂರನೆಯದಕ್ಕೆ ಹಿತ್ತಲಿನವರೆಗೂ ಕೇಳಿಸಿತು: ಪಟಪಟ.

ಈಗ ವೀರೇಶ ಗೋಡೆಯ ಹಲಗೆಯನ್ನು ಕೆಳಗಿಳಿಸಿ ಮೊಳೆ ಹೊಡೆದಿದ್ದಾನೆ. ನನ್ನ ಮೇಲೆ ಯಾರೂ ಹತ್ತುವುದಿಲ್ಲ. ನನಗೂ ವಯಸ್ಸಾಯಿತು, ಒಂದು ಕಾಲಿನ ಒಳಗೆ ಹುಳು ಹೊಕ್ಕಿದೆ. ಮೇಲೆ ನೋಡಿದರೆ ತಿಳಿಯುವುದಿಲ್ಲ. ಒಳಗಿನದನ್ನು ಹೊತ್ತಿಗೆ ಸರಿಯಾಗಿ ವಿಚಾರಿಸುವವರಿದ್ದರೆ ಮರವೂ ಬಾಳುತ್ತದೆ, ಮನುಷ್ಯರೂ ಬಾಳುತ್ತಾರೆ. ವೀರೇಶ ನನ್ನ ಆ ಕಾಲಿಗೆ ಔಷಧಿ ಸವರಿ, ಪಟ್ಟಿ ಬಡಿದಿದ್ದಾನೆ.

ಬೆಳಗಾದರೆ ಹಿತ್ತಲಿನಲ್ಲಿ ನನಗಾಗಿ ಸಣ್ಣ ಜಗಳ.

"ಆಚಿ ಸರೀರಿ ಅತ್ತಿ, ನನಗೂ ಒಂದೀಟು ಬಿಸಿಲು ಬೇಕು."

"ಬಾ, ಕೂಡವಾ," ಎನ್ನುತ್ತಾಳೆ ದಾನವ್ವ, ಮತ್ತು ಕೈ ಊರದೆ ಎದ್ದು ನಿಲ್ಲುತ್ತಾಳೆ.