ಯಾರೂ ಕಲಿಸದ ಹಾಜರಿ

ಬನಹಟ್ಟಿಯ ನೇಕಾರ ಓಣಿಯಲ್ಲಿ ಬೆಳಗಿನ ಹೊತ್ತು ಕಾಲಿಡಲು ಜಾಗ ಸಿಗುವುದಿಲ್ಲ. ಗಂಜಿ ಹಚ್ಚಿದ ನೂಲಿನ ಹಾಸನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿರುತ್ತಾರೆ. ಅದರ ಎರಡೂ ಬದಿಗೆ ಕುಂಚ ಹಿಡಿದ ಗಂಡಸರು, ಕಟ್ಟೆಗಳ ಮೇಲೆ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುವ ಹೆಂಗಸರು. ಅವರಲ್ಲಿ ಲಗಮವ್ವನೂ ಒಬ್ಬಳು. ಗಂಡ ಸತ್ತ ಮೇಲೆ ತನ್ನ ಮುದಿತಾಯಿಯನ್ನೂ ಪುಟ್ಟ ಮಗಳು ಯಮನಿಯನ್ನೂ ಕರೆದುಕೊಂಡು ಬಂದು, ಮಗ್ಗದ ಧಣಿ ಚನಮಲ್ಲಪ್ಪನ ಹಿತ್ತಲ ಕೋಣೆಯಲ್ಲಿ ಇದ್ದಳು. ಕೇಳಿದವರಿಗೆಲ್ಲ ತಾವು ಹೊಳೆಯಾಚೆಯ ಕುರುಬರು ಎಂದು ಹೇಳಿದ್ದಳು.

ಅವರು ಕುರುಬರಲ್ಲ, ಹರಣಶಿಕಾರಿಯವರು. ಹುಟ್ಟಿದ ತಪ್ಪಿಗೇ ಕಳ್ಳರೆಂದು ಬ್ರಿಟಿಷ್ ಸರಕಾರ ಕಾಯ್ದೆಯಲ್ಲೇ ಬರೆದಿಟ್ಟಿದ್ದ ಮಂದಿ. ಲಗಮವ್ವ ಬೆಳೆದದ್ದು ಅಂಥವರನ್ನು ಕೂಡಿಹಾಕಿದ್ದ, ತಂತಿ ಬೇಲಿಯೊಳಗಿನ ಸೆಟ್ಲಮೆಂಟಿನಲ್ಲಿ. ಅಲ್ಲಿ ಮುಂಜಾನೆ ಸಂಜೆ ಹಾಜರಿ. ಪೊಲೀಸರು ಬಂದ ಕೂಡಲೇ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈ ತಲೆಯ ಮೇಲಿಟ್ಟು, ನೆಲ ನೋಡುತ್ತ ಹೆಸರು ಹೇಳಬೇಕು. ಹೆಸರು ಹೇಳದಿದ್ದರೆ ಬಡಿಗೆ ಮಾತಾಡುತ್ತಿತ್ತು. ಸ್ವಾತಂತ್ರ್ಯ ಬಂತು, ಆ ಕಾಯ್ದೆಯೂ ಹೋಯಿತು. ಜನರ ಮನಸ್ಸಿನಿಂದ ಮಾತ್ರ ಅದು ಹೋಗಲಿಲ್ಲ. ಮಗಳಿಗಾದರೂ ಆ ಹಣೆಪಟ್ಟಿ ಬೇಡವೆಂದು ಲಗಮವ್ವ ಮನೆಯೊಳಗೂ ತಮ್ಮ ಮಂದಿಯ ಭಾಷೆ ಆಡಗೊಡುತ್ತಿರಲಿಲ್ಲ.

ಆ ದಿನ ಹವಾಲ್ದಾರ ತುಕಾರಾಮ ಚನಮಲ್ಲಪ್ಪನನ್ನು ಯಾವುದೋ ಪಂಚನಾಮೆಗೆ ಕರೆಯಲು ಓಣಿಗೆ ಬಂದ. ಕಟ್ಟೆಯ ಕೆಳಗೆ ಆಡುತ್ತಿದ್ದ ಯಮನಿ ಖಾಕಿ ಕಂಡದ್ದೇ ತಡ, ಗೋಡೆಗೆ ಬೆನ್ನು ಹಚ್ಚಿ ಕುಕ್ಕರಿಸಿ ಕೂತಳು. ಕೈಗಳು ತಲೆಯ ಮೇಲೆ ಹೋದವು. “ಯಮನಿ,” ಎಂದಳು ನೆಲ ನೋಡುತ್ತ.

ಓಣಿ ನಕ್ಕಿತು. ಮಗುವಿನ ಆಟ ಅಂದುಕೊಂಡವರು ನಗದೆ ಏನು ಮಾಡಿಯಾರು? ತುಕಾರಾಮ ನಗಲಿಲ್ಲ.

“ಯಾರ ಕೂಸು ಇದು?” ಎಂದು ಕೇಳಿದ.

ಲಗಮವ್ವನ ಕೈಯಲ್ಲಿ ರಾಟಿ ನಿಂತಿತು. “ನಂದರಿ,” ಎಂದಳು. ಹವಾಲ್ದಾರ ಆಕೆಯನ್ನೊಮ್ಮೆ ನೋಡಿ, ಧಣಿಯ ಜೊತೆ ಹೊರಟುಹೋದ. ಓಣಿಯ ತಿರುವಿನಲ್ಲಿ ಇಬ್ಬರೂ ನಿಂತು ಏನೋ ಮಾತಾಡಿದರು.

ಲಗಮವ್ವ ಮಗಳನ್ನು ದರದರ ಎಳೆದುಕೊಂಡು ಕೋಣೆಗೆ ಬಂದಳು. ಬಾಗಿಲು ಹಾಕಿ ತಾಯಿಯ ಮೇಲೆ ಹರಿಹಾಯ್ದಳು.

“ನೀನ ಕಲಿಸಿದಿ ಅಲ್ಲ ಇದನ್ನ? ಎಷ್ಟ ಸಲ ಹೇಳೇನಿ ನಿನಗ? ಆ ಹವಾಲ್ದಾರಗ ತಿಳದೈತಿ ಯವ್ವ. ಇನ್ನ ಊರ ತುಂಬ ತಿಳೀತೈತಿ. ಗಂಟು ಕಟ್ಟು, ಮಹಾಲಿಂಗಪುರಕ್ಕರ ಹೋಗೂಣು.”

ಮುದುಕಿ ಮೊಮ್ಮಗಳ ಮೂಗು ಒರೆಸಿ ಮಡಿಲಿಗೆ ಎಳೆದುಕೊಂಡಳು.

“ನಾ ಯಾಕ ಕಲಸ್ಲಿ ಬೇ? ನಿನ್ನ ನೋಡಿ ಕಲ್ತಾಳ. ಖಾಕಿ ಟೊಪಗಿ ಓಣಿಯಾಗ ಹಾದ್ರ ನೀ ಬಾಗಲ ಹಿಂದ ಹೆಂಗ ಕುಂದರತಿ, ನಿನಗ ಗೊತ್ತಿಲ್ಲ. ಆಕಿಗಿ ಗೊತ್ತೈತಿ.”

ಲಗಮವ್ವ ಒಂದು ಹಳೆ ಸೀರೆ ಎಳೆದು ನೆಲಕ್ಕೆ ಹಾಸಿದಳು.

“ನಮ್ಮ ಮಾತು ಕಲಸಬ್ಯಾಡ ಅಂದಿ, ಬಿಟ್ಟೆ. ಹಾಡು ಬ್ಯಾಡ ಅಂದಿ, ಬಿಟ್ಟೆ. ನಿಮ್ಮಪ್ಪ ಬ್ಯಾಟಿಗಿ ಎಂಥಾ ಬಲಿ ಹೆಣೀತಿದ್ದ ಅಂತ ಕೂಸಿಗಿ ಹೇಳಾಕೂ ಬಿಡಲಿಲ್ಲ ನೀ. ಈಗ ನಮ್ಮ ಮಂದೀದು ಅಂತ ಆಕಿ ಕಡೆ ಇರೂದು ಇದೊಂದ,” ಎಂದಳು ಮುದುಕಿ.

ಪಾಪ, ಆ ಮಾತು ಬಡಿಗೆಗಿಂತ ಜೋರಾಗಿ ತಾಗಿತು. ಆದರೂ ಹೆದರಿಕೆ ಹೆದರಿಕೆಯೇ. ಲಗಮವ್ವ ಅಳುತ್ತಲೇ ಪಾತ್ರೆಗಳನ್ನು ಒಟ್ಟುಮಾಡಿದಳು. ಸೀರೆಯಲ್ಲಿ ಕಟ್ಟುವಷ್ಟರಲ್ಲಿ ಹೊರಗಿನಿಂದ ಚನಮಲ್ಲಪ್ಪ ಕರೆದ.

ಆಕೆ ಹೊರಗೆ ಬಂದಳು. ಧಣಿಯ ಹಿಂದೆ ತುಕಾರಾಮನಿದ್ದ. ಸುದ್ದಿ ಹರಡಿತ್ತೆಂದು ಕಾಣುತ್ತದೆ, ಕಟ್ಟೆಯ ಹೆಂಗಸರೂ ಬಂದು ನಿಂತಿದ್ದರು.

“ಲಗಮವ್ವ, ಸೆಟ್ಲಮೆಂಟಿನ್ಯಾಗ ಡ್ಯೂಟಿ ಮಾಡಿದ ಮನಷ್ಯಾ ಇವ. ಹಂಗ ಕುಂದರೂದು ಅಲ್ಲಿ ಮಂದಿ ಅಷ್ಟ ಅಂತಾನ,” ಎಂದ ಚನಮಲ್ಲಪ್ಪ.

“ಈಗ ಕಾಯ್ದೆ ಇಲ್ಲ, ನನಗೇನೂ ಕೆಲಸಿಲ್ಲ,” ಎಂದ ತುಕಾರಾಮ. “ಧಣ್ಯಾರು ಕೇಳಿದ್ರು, ಹೇಳ್ದೆ.”

ಚನಮಲ್ಲಪ್ಪ ದನಿ ತಗ್ಗಿಸಿದ. “ನಿನ್ನ ಕೆಲಸ ಛಲೋ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ನೂಲು ಓಣಿಯಾಗ ಬಿದ್ದಿರತೈತಿ. ನಾಳಿ ಒಂದು ಲಡಿ ಕಡಿಮಿ ಆದ್ರ ಮಂದಿ ನಿಮ್ಮ ಬಾಗಲಕ್ಕ ಬರತಾರ, ನಾ ತಡ್ಯಾಕ ಆಗೂದಿಲ್ಲ. ನಾವು ಕುರುಬರು ಅಂತ ಎಲ್ಲಾರ ಮುಂದ ಇನ್ನೊಮ್ಮಿ ಹೇಳಿಬಿಡು. ನಾನೂ ಹಂಗ ಹೇಳತೇನಿ. ಮುಗದ ಹೋತು.”

ಒಂದೇ ಒಂದು ಮಾತು. ಹೇಳಿದರೆ ಕೋಣೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಹೇಳಲೇಬೇಕೆಂದು ಲಗಮವ್ವ ಕಟ್ಟೆಯ ಹೆಂಗಸರ ಕಡೆ ತಿರುಗಿದಳು.

ಆಗ ಪಕ್ಕದಲ್ಲಿ ಸಪ್ಪಳವಾಯಿತು. ತಾಯಿಯ ಸೆರಗು ಹಿಡಿದು ಬಂದಿದ್ದ ಯಮನಿ ಹವಾಲ್ದಾರನನ್ನು ನೋಡಿ ಮತ್ತೆ ಕುಕ್ಕರಿಸಿದ್ದಳು. ಕೈಗಳು ತಲೆಯ ಮೇಲಿದ್ದವು. ಯಾರೂ ಏನೂ ಕೇಳದಿದ್ದರೂ ತನ್ನ ಹೆಸರನ್ನು ತಾನೇ ಸಣ್ಣಗೆ ಹೇಳಿಕೊಳ್ಳುತ್ತಿದ್ದಳು.

ಲಗಮವ್ವನಿಗೂ ಅಲ್ಲೇ ಕೂತುಬಿಡುವಂತಾಗಿತ್ತು. ಗೋಡೆ ಹಿಡಿದು ನಿಂತಳು.

“ಧಣ್ಯಾರ, ನಾವು ಕುರುಬರಲ್ಲರಿ. ಹರಣಶಿಕಾರಿ ಮಂದಿ. ನಾ ಸುಳ್ಳ ಹೇಳಿದ್ನಿ.”

ಹೆಂಗಸರು ಗುಸುಗುಸು ಎಂದರು. ಚನಮಲ್ಲಪ್ಪ ನೆಲ ನೋಡಿದ. ಲಗಮವ್ವ ಬಗ್ಗಿ ಮಗಳ ಎರಡೂ ಕೈಗಳನ್ನು ತಲೆಯ ಮೇಲಿನಿಂದ ಇಳಿಸಿದಳು. ಎದ್ದು ನಿಲ್ಲು ಎಂದು ತಮ್ಮ ಮಾತಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

ಯಮನಿ ಪಿಳಿಪಿಳಿ ನೋಡಿದಳು. ಆ ಮಾತು ಅವಳಿಗೆ ತಿಳಿಯಲಿಲ್ಲ.

ಲಗಮವ್ವ ಇನ್ನೊಮ್ಮೆ ಹೇಳಿದಳು.